ಹೊಳೆಯಲ್ಲಿ ಸಿಕ್ಕ ಹಲ್ಲು, ಮೂಳೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಸ್ತನಿಗಳ ಪಳೆಯುಳಿಕೆ ಮೇಲೆ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಮೇಡಂ ಈ ದಿನ ನಮ್ಮ ಜೊತೆ ಇದ್ದಾರೆ. ಹೊಳೆ, ಹಳ್ಳ, ಮರಳಲ್ಲಿ ಸಿಕ್ಕಿದ್ದರ ಫೋಟೋ ಹಾಕಿ. ಪಕ್ಕದಲ್ಲಿ ಸ್ಕೇಲ್ ಇಲ್ಲಾ ನಾಣ್ಯ ಇಡಿ. ಒಬ್ಬರಿಗೆ ಒಂದು ಪ್ರಶ್ನೆ. ಗುಡ್ ಮಾರ್ನಿಂಗ್ ಚಿತ್ರ ದಯವಿಟ್ಟು ಬೇಡ.

ಮೈಸೂರ್ ಪಾಕ್: ನಮಸ್ತೆ ಮೇಡಂ. ಕಬಿನಿ ಹಿನ್ನೀರು ಇಳಿದಾಗ ಸಿಕ್ತು. ಕಪ್ಪಗಿದೆ, ಕಲ್ಲಾಗಿದೆ. ಎಷ್ಟು ಲಕ್ಷ ವರ್ಷ ಹಳೇದು?

ಮೇಡಂ: ನಮಸ್ಕಾರ. ದನದ ದವಡೆ ಹಲ್ಲು. ಅರೆಯುವ ಮೇಲ್ಮೈಯಲ್ಲಿ ಅರ್ಧಚಂದ್ರಗಳು ಕಾಣುತ್ತವಲ್ಲ, ಅವುಗಳ ನಡುವೆ ಒಂದು ಸಣ್ಣ ಕಂಬ ಎದ್ದಿದೆಯಲ್ಲ, ಅದೇ ಗುರುತು. ಹಸುವೋ ಎಮ್ಮೆಯೋ ಎಂದು ಫೋಟೋ ನೋಡಿ ಹೇಳಲಾರೆ. ಕಪ್ಪು ಬಣ್ಣ ವಯಸ್ಸಿನ ಲೆಕ್ಕವಲ್ಲ. ನೀರಿನ ಕಬ್ಬಿಣ, ಮ್ಯಾಂಗನೀಸ್ ಹೀರಿಕೊಂಡು ಗಾಳಿಯಾಡದ ಕೆಸರಿನಲ್ಲಿ ಕೂತರೆ ನಿಮ್ಮ ತಾತನ ಕಾಲದ ಎಮ್ಮೆಯ ಹಲ್ಲೂ ಹೀಗೇ ಆಗುತ್ತದೆ. ಅದೇ ಗಾತ್ರದ ಹೊಸ ಹಲ್ಲಿನ ಪಕ್ಕ ಇಟ್ಟು ತೂಗಿ. ಕಲ್ಲಾದದ್ದು ಕೈಗೇ ಗೊತ್ತಾಗುವಷ್ಟು ಭಾರ ಇರುತ್ತದೆ.

ಕೃಷ್ಣಾ ತೀರ: ಮೇಡಂ ಇದು ಹುಲಿ ಹಲ್ಲಾ?

ಮೇಡಂ: ದನ.

ಎತ್ತಿನಗಾಡಿ: ಮೇಡಂ, ಮನೆ ಕಟ್ಟಲು ತರಿಸಿದ ಮರಳಿನ ಲೋಡಲ್ಲಿ ಬಂತು. ಡೈನೋಸಾರ್ ಇರಬಹುದಾ?

ಮೇಡಂ: ದನ. ಇನ್ನು ಡೈನೋಸಾರ್ ವಿಷಯ ಎಲ್ಲರಿಗೂ ಸೇರಿಸಿ ಹೇಳಿಬಿಡುತ್ತೇನೆ. ನಮ್ಮ ದಕ್ಷಿಣದ ನೀಸು, ಗ್ರಾನೈಟು ಬಂಡೆಗಳ ಬಹುಪಾಲಿಗೆ 250 ಕೋಟಿ ವರ್ಷವೋ ಇನ್ನೂ ಹೆಚ್ಚೋ ಆಗಿದೆ. ಆಗ ಮೂಳೆ ಇರುವ ಪ್ರಾಣಿಯೇ ಹುಟ್ಟಿರಲಿಲ್ಲ. ಡೈನೋಸಾರ್ ಬೇಕಿದ್ದರೆ ನರ್ಮದೆಯ ಕಡೆ ಹೋಗಿ, ಜಬಲ್ಪುರ, ಗುಜರಾತಿನ ಬಾಲಾಸಿನೋರ್. ನಮ್ಮ ಹೊಳೆಗಳ ಹಳೆಯ ದಂಡೆಗಳಲ್ಲಿ ಸಿಗುವುದು ಹಿಮಯುಗದ ಕಾಲದ ಆನೆ, ಕಾಡುದನ, ನೀರಾನೆ, ಜಿಂಕೆ. ಅದೇನು ಕಡಿಮೆಯೇ?

ಆಚಾರ್ರ ಮನೆ: ಮೇಡಂ, ನಮ್ಮ ಮನೆಯ ಸಾಲಿಗ್ರಾಮವೂ ಮೂಳೆಯೇ? ನೇಪಾಳದ ಗಂಡಕಿ ನದಿಯದು.

ಮೇಡಂ: ಮೂಳೆಯಲ್ಲ. ಅಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪು, ಜುರಾಸಿಕ್ ಕಾಲದ್ದು. ಪೂಜೆ ಮುಂದುವರಿಸಿ.

ಟ್ಯಾಂಪಾ ಕನ್ನಡಿಗ: ಅಮೆರಿಕದಿಂದ ನಮಸ್ಕಾರ ಮೇಡಂ! ಫ್ಲಾರಿಡಾದ ಪೀಸ್ ರಿವರ್‌ನಲ್ಲಿ ಮಗಳ ಜೊತೆ ಜರಡಿ ಹಿಡಿದು ಕೂತಿದ್ದೆ. ಒಂದು ಶಾರ್ಕ್ ಹಲ್ಲು, ಒಂದು ಕುದುರೆ ಹಲ್ಲು ಅನ್ಸುತ್ತೆ. ಇಲ್ಲಿ ಯಾವಾಗ ಕುದುರೆ ಇತ್ತು?

ಮೇಡಂ: ಎರಡೂ ಸರಿಯಾಗಿ ಗುರುತಿಸಿದ್ದೀರಿ. ಕುದುರೆಯ ವಂಶ ಬೆಳೆದದ್ದೇ ಅಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಅಲ್ಲಿ ಅಳಿಯಿತು, ಆಮೇಲೆ ಸ್ಪೇನಿನವರು ಹಡಗಲ್ಲಿ ಮತ್ತೆ ತಂದರು. ಶಾರ್ಕ್ ಹಲ್ಲಿಗೆ ಪರ್ಮಿಟ್ ಬೇಡ. ಕುದುರೆ, ಆನೆಯಂಥವನ್ನು ಸರ್ಕಾರಿ ನೀರಿನಿಂದ ಎತ್ತಲು ಫ್ಲಾರಿಡಾ ಮ್ಯೂಸಿಯಂ ಕೊಡುವ ಪರ್ಮಿಟ್ ಬೇಕು. ಮಾಡಿಸಿದ್ದೀರಾ?

ಟ್ಯಾಂಪಾ ಕನ್ನಡಿಗ: ಈ ವಾರ ಮಾಡಿಸ್ತೀನಿ ಮೇಡಂ 🙏

ಎತ್ತಿನಗಾಡಿ: ಅಲ್ಲಿ ಪರ್ಮಿಟ್ ಕೊಟ್ಟು ಹುಡುಕಿಸ್ತಾರೆ. ಇಲ್ಲಿ ಹೊಳೆಗೆ ಇಳಿದ್ರೆ ಮರಳು ಕಳ್ಳ ಅಂತಾರೆ.

ಕೃಷ್ಣಾ ತೀರ: ನಿಮ್ಮ ಮರಳಿಗೆ ಬಿಲ್ ಇದೆಯಾ ಮೊದಲು ಹೇಳಿ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಹಾವೇರಿ ಹುಡುಗ: ಮೇಡಂ, ತುಂಗಭದ್ರಾದಾಗ ಮರಳ ಮ್ಯಾಲ ಬಿದ್ದಿತ್ರಿ. ಇದು ದನದ್ದಲ್ಲ ಅಂತಾರ ನಮ್ಮ ಕಾಕಾ.

ಮೇಡಂ: ನಿಮ್ಮ ಕಾಕಾ ಹೇಳಿದ್ದು ಸರಿ, ಕುದುರೆ. ಚೌಕ, ಉದ್ದ, ನೆಟ್ಟಗಿನ ಹಲ್ಲು. ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ರಂಗೋಲಿಯ ಎಳೆಯಂತೆ ಮಡಿಕೆ ಮಡಿಕೆಯಾಗಿದೆ. ಬೇರಿನ ತುದಿ ಇನ್ನೂ ಬೆಳ್ಳಗಿದೆ, ಹಾಗಾಗಿ ಹಳೆಯದಲ್ಲ. ಟಾಂಗಾ ಕುದುರೆಯದಿರಬೇಕು.

ಸತ್ಯಾನ್ವೇಷಿ: ನೋಡಿ! ಕುದುರೆ ಆರ್ಯರ ಜೊತೆ ಹೊರಗಿಂದ ಬಂತು ಅನ್ನೋರಿಗೆ ಇದೇ ಉತ್ತರ. ಪ್ರಾಚೀನ ನೆಲೆ ಹಳ್ಳೂರು ಅದೇ ಹಾವೇರಿ ಜಿಲ್ಲೇಲಿದೆ. ಅಲ್ಲಿ ಸಿಕ್ಕ ಕುದುರೆ ಮೂಳೇನ ಮುಚ್ಚಿಟ್ರು.

ಪುಸ್ತಕದ ಹುಳ: ಟಾಂಗಾ ಕುದುರೆ ಅಂತ ಅವರು ಈಗಷ್ಟೇ ಬರೆದಿದ್ದಾರೆ ಸ್ವಾಮಿ. ಓದೋ ಅಭ್ಯಾಸ ಇದೆಯಾ?

ಸತ್ಯಾನ್ವೇಷಿ: ನಿಮ್ಮಂಥ ಎಡಪಂಥೀಯರಿಗೆ ಎಲ್ಲಾ ಟಾಂಗಾನೇ.

ಮೇಡಂ: ಒಂದು ಸಲ ಹೇಳುತ್ತೇನೆ. ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದ್ದು 1965ರಲ್ಲಿ. ಮೂಳೆ ಗುರುತಿಸಿದವರು ಕೆ.ಆರ್. ಆಲೂರ, ಪಶುವೈದ್ಯರು. ನವಶಿಲಾಯುಗದ ಪದರದಲ್ಲಿ ಕುದುರೆ ಇದೆ ಎಂದು ಅವರು ಬರೆದು ಪ್ರಕಟಿಸಿದರು, ಜನ ಜಗಳವಾಡಿದರು, ಈಗಲೂ ಆಡುತ್ತಾರೆ. ಮುಚ್ಚಿಟ್ಟ ವಿಷಯದ ಬಗ್ಗೆ ಐವತ್ತು ವರ್ಷ ಜಗಳವಾಡಲು ಆಗುವುದಿಲ್ಲ. ಗುಜರಾತಿನ ಹರಪ್ಪಾ ಕಾಲದ ನೆಲೆ ಸುರ್ಕೋಟಡಾದ ಮೂಳೆಗಳ ಮೇಲೂ ಇದೇ ತಕರಾರು: ಅದು ಕುದುರೆಯೋ, ಕಛ್‌ನ ಕಾಡುಕತ್ತೆಯೋ? ಎರಡರ ಹಲ್ಲೂ ಹತ್ತಿರ ಹತ್ತಿರ, ಮುರಿದ ತುಂಡಿನಲ್ಲಿ ಬೇರ್ಪಡಿಸುವುದು ನಿಜಕ್ಕೂ ಕಷ್ಟ. ಇನ್ನು ನರ್ಮದೆಯ ಜಲ್ಲಿಯಲ್ಲಿ ಸಿಗುವ ಈಕ್ವಸ್ ನಮಾಡಿಕಸ್ ಎಂಬ ಕಾಡುಕುದುರೆ ಹಿಮಯುಗದ್ದು. ಅದಕ್ಕೂ ರಥಕ್ಕೆ ಕಟ್ಟಿದ ಕುದುರೆಗೂ ಸಂಬಂಧವಿಲ್ಲ. ಈ ಹುಡುಗನ ಹಲ್ಲಿಗಂತೂ ಯಾವುದಕ್ಕೂ ಸಂಬಂಧವಿಲ್ಲ.

ಸತ್ಯಾನ್ವೇಷಿ: ಅಂದ್ರೆ ಕಾಡುಕುದುರೆ ಇತ್ತು ಅಂತ ನೀವೇ ಒಪ್ಪಿದ್ರಿ. ಧನ್ಯವಾದ.

ಪುಸ್ತಕದ ಹುಳ: 😂

ಗೋಕಾಕ ಕರದಂಟು: ಅಕ್ಕಾರ, ನಮಸ್ಕಾರ್ರಿ. ನಮ್ಮ ಹೊಲದ ಬಾಜೂಕ ಒಂದ ಹಳ್ಳ ಐತ್ರಿ, ಮುಂದ ಘಟಪ್ರಭಾಕ್ಕ ಕೂಡತೈತಿ. ಅದರ ದಂಡ್ಯಾಗ ಇದು ಸಿಕ್ಕೈತ್ರಿ. ಐದು ರೂಪಾಯಿ ನಾಣ್ಯ ಇಟ್ಟೇನಿ ನೋಡ್ರಿ. ದನದ್ದ ಅಂದ್ರ ಬಿಟ್ಟ ಬಿಡತೇನ್ರಿ.

ಮೇಡಂ: ಬಿಡಬೇಡಿ. ಇನ್ನೂ ಎರಡು ಫೋಟೋ ಹಾಕಿ, ಅರೆಯುವ ಮೇಲ್ಮೈ ನೇರ ಮೇಲಿಂದ ಒಂದು, ಪಕ್ಕದಿಂದ ಒಂದು. ನೆರಳಿನಲ್ಲಿ ತೆಗೆಯಿರಿ.

ಕಾವೇರಿ ಮಗಳು: ಮೇಡಂ, ಶ್ರೀರಂಗಪಟ್ಟಣದ ಹತ್ತಿರ ಬೆಳ್ಳಗೆ, ಬಿರುಕು ಬಿಟ್ಟ ಚೂರುಗಳು ಸಿಕ್ಕಿದಾವೆ. ಮಗ ಶಾಲೆ ಪ್ರಾಜೆಕ್ಟಿಗೆ ಅಂತ ಇಟ್ಕೊಂಡಿದಾನೆ.

ಮೇಡಂ: ಅಮ್ಮಾ, ಇವು ಸುಟ್ಟ ಮೂಳೆಗಳು. ಹೆಚ್ಚು ಶಾಖಕ್ಕೆ ಸಿಕ್ಕಿದರೆ ಮೂಳೆ ಹೀಗೆ ಸುಣ್ಣದಂತೆ ಬಿಳಿಯಾಗಿ ಅಡ್ಡಡ್ಡ ಸೀಳುತ್ತದೆ. ಆ ಜಾಗದಲ್ಲಿ ಅಸ್ಥಿ ಬಿಡುತ್ತಾರೆ ಎಂದು ನಿಮಗೂ ಗೊತ್ತಿರುತ್ತದೆ. ಯಾರ ಮನೆಯವರೋ ಏನೋ. ಮಗನಿಗೆ ಸಮಾಧಾನದಿಂದ ಹೇಳಿ, ಮರಳಿ ನೀರಿಗೆ ಬಿಟ್ಟುಬಿಡಿ. ಪ್ರಾಜೆಕ್ಟಿಗೆ ಬೇರೆ ಏನಾದರೂ ಹೇಳಿಕೊಡುತ್ತೇನೆ.

ಕಾವೇರಿ ಮಗಳು: ಅಯ್ಯೋ. ಸರಿ ಮೇಡಂ.

ಶುಭಚಿಂತಕ: ಬಂದದ್ದನ್ನು ಹಂಚಿದ್ದೇನೆ, ಎಲ್ಲರಿಗೂ ಉಪಯೋಗವಾಗಲಿ 👇 "ಪಳೆಯುಳಿಕೆ ಪರೀಕ್ಷೆ: 1) ನಾಲಿಗೆಗೆ ತಾಗಿಸಿ, ಅಂಟಿದರೆ ಅಸಲಿ. 2) ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿದರೆ ಹೊಳಪು ಬರುತ್ತದೆ. 3) ತೇಯ್ದು ಜೇನಿನಲ್ಲಿ ಕೊಟ್ಟರೆ ಮಕ್ಕಳಿಗೆ ಹಲ್ಲು ಬರುವಾಗ ಜ್ವರ ಬರುವುದಿಲ್ಲ."

ಮೇಡಂ: ಮೂರೂ ತಪ್ಪು, ಮೂರನೆಯದು ಅಪರಾಧ. ಒಣಗಿದ ಮೂಳೆ ಯಾವುದಾದರೂ ನಾಲಿಗೆಗೆ ಅಂಟುತ್ತದೆ, ಒಣ ಜೇಡಿಮಣ್ಣೂ ಅಂಟುತ್ತದೆ. ಹೊಳೆದಂಡೆಯಲ್ಲಿ ಸಿಕ್ಕ ಮೂಳೆ ಯಾವ ರೋಗದಿಂದ ಸತ್ತ ದನದ್ದೋ ನಿಮಗೆ ಗೊತ್ತೇ? ಆಂಥ್ರಾಕ್ಸ್ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಅದನ್ನು ನೆಕ್ಕಿ ಎಂದು ನೂರು ಜನಕ್ಕೆ ಕಳಿಸುತ್ತೀರಿ. ಮಗುವಿಗೆ ತಿನ್ನಿಸಿ ಎನ್ನುತ್ತೀರಿ! ಅಡ್ಮಿನ್, ದಯವಿಟ್ಟು ಆ ಮೆಸೇಜ್ ತೆಗೆಯಿರಿ.

ಶುಭಚಿಂತಕ: ನಾನು ಬರೆದಿದ್ದಲ್ಲ ಮೇಡಂ, ಫಾರ್ವರ್ಡ್ ಅಷ್ಟೇ. ನಮ್ಮ ಹಿರಿಯರು ಮಾಡ್ತಿದ್ರು.

ಮೇಡಂ: ಹಿರಿಯರ ಹೆಸರು ಎತ್ತುವ ಮೊದಲು ಅವರಿಗೆ ವಿನೆಗರ್ ಎಲ್ಲಿ ಸಿಗುತ್ತಿತ್ತು ಹೇಳಿ.

ಗೋಕಾಕ ಕರದಂಟು: ಅಕ್ಕಾರ, ಫೋಟೋ ಹಾಕೇನ್ರಿ. ಒಂದ ತಪ್ಪ ಆಗೇತಿ. ಸುಣ್ಣ ಗಟ್ಟಿ ಹಿಡದಿತ್ತು ಅಂತ ಕಕ್ಕಸ ತೊಳಿಯೋ ಆ್ಯಸಿಡ್ ಸ್ವಲ್ಪ ಹಾಕಿದ್ದ್ಯಾ. ಬುರುಗು ಬಂತು, ಹೆದರಿ ನೀರಾಗ ಅದ್ದಿದ್ಯಾ.

ಮೇಡಂ: ಇನ್ನು ಹನಿಯೂ ಹಾಕಬೇಡಿ! ಸುಣ್ಣ ಕರಗಿಸುವ ಆ್ಯಸಿಡ್ ಹಲ್ಲನ್ನೂ ಕರಗಿಸುತ್ತದೆ. ಹಲ್ಲು ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್ ತಾನೇ. ಶುದ್ಧ ನೀರಿನಲ್ಲಿ ಎರಡು ದಿನ ಇಡಿ, ದಿನಕ್ಕೆ ಮೂರು ಸಲ ನೀರು ಬದಲಿಸಿ. ಆಮೇಲೆ ನೆರಳಿನಲ್ಲಿ ನಿಧಾನವಾಗಿ ಆರಿಸಿ. ಬಿಸಿಲು ಬೇಡ, ಫ್ಯಾನ್ ಬೇಡ, ಎಣ್ಣೆ, ವಾರ್ನಿಷ್, ಫೆವಿಕಾಲ್ ಏನೂ ಬೇಡ.

ಈಗ ಹಲ್ಲಿನ ಮಾತು. ನಿಮ್ಮ ಫೋಟೋ ನೋಡಿ ಚಹಾ ಆರಿಹೋಯಿತು. ಅರ್ಧಚಂದ್ರ ಇಲ್ಲ, ಆದ್ದರಿಂದ ದನವಲ್ಲ. ಕುದುರೆಯ ಮಡಿಕೆಗಳಿಲ್ಲ. ಆನೆಯಾದರೆ ಹೋಳಿಗೆ ಅಡುಕಿದಂತೆ ತೆಳು ಫಲಕಗಳ ಸಾಲು ಇರಬೇಕಿತ್ತು, ನೀರಾನೆಯಾದರೆ ಸವೆದ ಕಡೆ ಮೂರೆಲೆಯ ಗುರುತು, ಹಂದಿಯಾದರೆ ಗುಬುಟು ಗುಬುಟು. ಇಲ್ಲಿರುವುದು ಹೊರಬದಿಗೆ ಒಂದು ಉದ್ದ ಗೋಡೆ, ಅದರಿಂದ ಒಳಕ್ಕೆ ಚಾಚಿದ ಎರಡು ಅಡ್ಡಗೋಡೆ. ಶಾಲೆಯ ಗಣಿತದ ಪೈ ಚಿಹ್ನೆ ನೆನಪಿದೆಯೇ? ಅದೇ ಆಕಾರ. ಅಗಲ ಎರಡು ನಾಣ್ಯದಷ್ಟಿದೆ. ನನ್ನ ಕಣ್ಣಿಗೆ ಇದು ಘೇಂಡಾಮೃಗದ ಮೇಲ್ದವಡೆಯ ಹಲ್ಲು.

ಇಂದು ಕಾಡಿನಲ್ಲಿ ಘೇಂಡಾ ನೋಡಬೇಕಾದರೆ ಅಸ್ಸಾಂ, ನೇಪಾಳದಂಥ ಕಡೆ ಹೋಗಬೇಕು. ಆದರೆ ನಿಮ್ಮ ಊರಿಗೆ ಅದು ಹೊಸ ಅತಿಥಿಯಲ್ಲ. ಜಿ.ಎಸ್.ಐ., ಅಂದರೆ ಸರ್ಕಾರದ ಭೂವಿಜ್ಞಾನ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಗೋಕಾಕ ಸೀಮೆಯ ಹಳ್ಳದ ದಂಡೆಯಲ್ಲೇ ಸಿಕ್ಕ ಘೇಂಡಾದ ಎಲುಬು, ಹಲ್ಲುಗಳನ್ನು 1874ರಲ್ಲಿ ವರ್ಣಿಸಿ 'ರೈನೋಸೆರಸ್ ಡೆಕ್ಕನೆನ್ಸಿಸ್' ಎಂದು ಹೆಸರಿಟ್ಟ. ದಖ್ಖನ್ನಿನ ಘೇಂಡಾ ಎಂದರ್ಥ. ಈಗ ಕಬ್ಬು, ಗೋವಿನಜೋಳ ಇರುವ ಕಡೆ ಅಂದು ಜವುಗು, ಎತ್ತರದ ಹುಲ್ಲು, ವರ್ಷವಿಡೀ ನಿಂತ ನೀರು ಇದ್ದಿರಬೇಕು. ಇಲ್ಲದಿದ್ದರೆ ಈ ಪ್ರಾಣಿ ಅಲ್ಲಿ ಬದುಕುವುದೇ ಇಲ್ಲ.

ಹಲ್ಲಿನ ಅಂಚುಗಳು ಇನ್ನೂ ಚೂಪಾಗಿವೆ. ಅಂದರೆ ನೀರಿನಲ್ಲಿ ಬಹಳ ದೂರ ಉರುಳಿ ಬಂದದ್ದಲ್ಲ, ಮೂಲ ಜಾಗ ಹತ್ತಿರದಲ್ಲೇ ಇದೆ. ಎನಾಮಲ್ ಯಾಕೆ ಕಾಪಾಡಬೇಕು ಎಂದರೆ, ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರ ತಂಡ ಅಗೆದ ಕಲ್ಲುಕೊಡಲಿಗಳ ನೆಲೆಗೆ ಸುಮಾರು 12 ಲಕ್ಷ ವರ್ಷ ಎಂದು ವಯಸ್ಸು ಸಿಕ್ಕಿದ್ದು ಅಲ್ಲೇ ಬಿದ್ದಿದ್ದ ಪ್ರಾಣಿಯ ಹಲ್ಲಿನ ಎನಾಮಲ್‌ನಿಂದ. ನೀವು ಆ್ಯಸಿಡ್ ಸುರಿದದ್ದು ಅಂಥ ಗಡಿಯಾರದ ಮೇಲೆ.

ಹೇಳಿ: ಇದು ದಂಡೆಯ ಮಣ್ಣಿನಲ್ಲಿ ಕೂತಿತ್ತೋ, ಕೆಳಗೆ ಬಿಡಿಯಾಗಿ ಬಿದ್ದಿತ್ತೋ? ಅದೊಂದೇ ಮಾತಿನ ಮೇಲೆ ಎಲ್ಲ ನಿಂತಿದೆ. ಹೊಳೆ ಹತ್ತು ಸಾವಿರ ವರ್ಷದ್ದನ್ನೂ ಮೊನ್ನೆ ಸತ್ತ ಎಮ್ಮೆಯನ್ನೂ ಒಂದೇ ಗುಡ್ಡೆಯಲ್ಲಿ ಹಾಕುತ್ತದೆ.

ಕೃಷ್ಣಾ ತೀರ: ಘೇಂಡಾ ಹಲ್ಲಿಗೆ ರೇಟ್ ಎಷ್ಟಿದೆ?

ತುಳುನಾಡ್ ಮಾರಾಯ: ಮೇಡಂ, ನೇತ್ರಾವತಿಯಲ್ಲಿ ಸಿಕ್ಕಿದ್ದು. ಶಂಕುವಿನ ಹಾಗೆ ಚೂಪು, ಒಳಗೆ ಟೊಳ್ಳು ಉಂಟು. ಮೊಸಳೆಯದ್ದಾ?

ಶುಭಚಿಂತಕ: 👇 ಉತ್ತರ ಭಾರತದಲ್ಲಿ ಘಟೋತ್ಕಚನ ಅಸ್ಥಿಪಂಜರ ಪತ್ತೆ! ಪಕ್ಕದಲ್ಲಿ ನಿಂತ ಮನುಷ್ಯ ಇರುವೆಯಂತೆ ಕಾಣುತ್ತಾನೆ ನೋಡಿ.

ಪುಸ್ತಕದ ಹುಳ: ಇದು ಇನ್ನೂ ಓಡ್ತಾ ಇದೆಯಾ? 2002ರಲ್ಲಿ ಕಂಪ್ಯೂಟರಲ್ಲಿ ಚಿತ್ರ ತಿದ್ದೋ ಸ್ಪರ್ಧೆಗೆ ಮಾಡಿದ ಚಿತ್ರ ಇದು. ಅಸಲಿ ಫೋಟೋ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿ ಮ್ಯಾಸ್ಟೊಡಾನ್ ಅನ್ನೋ ಅಳಿದುಹೋದ ಆನೆಯಂಥ ಪ್ರಾಣಿಯ ಮೂಳೆ ಅಗೆದಾಗಿನದು.

ಸತ್ಯಾನ್ವೇಷಿ: ಎಲ್ಲದಕ್ಕೂ ಅಮೆರಿಕಾನೇ ಪ್ರಮಾಣ ಇವರಿಗೆ.

ಟ್ಯಾಂಪಾ ಕನ್ನಡಿಗ: ನಾನೇನು ಮಾಡಿದೆ 😀

ಮೇಡಂ: ಹುಳ ಅವರು ಹೇಳಿದ್ದು ಸರಿ. ಶುಭಚಿಂತಕರೇ, ಇನ್ನೊಂದು ಕಳಿಸಿದರೆ ನಾನು ಎದ್ದು ಹೋಗುತ್ತೇನೆ.

ಬೀದರ ಮಾಸ್ತರ: ಮೇಡಂ, ಮಾಂಜ್ರಾ ನದಿದು. ಚಪ್ಪಲಿ ಅಟ್ಟಿ ಹಂಗ ಅಡ್ಡಡ್ಡ ಗೀಟು ಅವ. ನಮ್ಮ ಶಾಲಿ ಕಪಾಟಿನ್ಯಾಗ ಇಟ್ಟೀವಿ.

ಮೇಡಂ: ಆನೆಯ ದವಡೆ ಹಲ್ಲಿನ ತುಂಡು, ಮತ್ತು ಇದು ಕಲ್ಲಾದದ್ದೇ. ಮಾಂಜ್ರಾದ ಮೇಲ್ದಂಡೆಯಲ್ಲಿ, ಲಾತೂರ ಕಡೆಯ ಹರವಾಡಿಯಲ್ಲಿ ಆನೆ, ನೀರಾನೆಗಳ ಪಳೆಯುಳಿಕೆ ಸಿಕ್ಕಿವೆ. ಯಾವ ಮಡುವು, ಯಾವ ಇಸವಿ ಎಂದು ಚೀಟಿ ಬರೆದು ಜೊತೆಗಿಡಿ. ಪುಣೆಯ ಡೆಕ್ಕನ್ ಕಾಲೇಜಿಗೆ ಫೋಟೋ ಕಳಿಸಿ. ಮಕ್ಕಳಿಗೆ ಮುಟ್ಟಲು ಕೊಡಿ, ಆದರೆ ಬೀಳದಂತೆ.

ಎತ್ತಿನಗಾಡಿ: ಮೇಡಂ, ನಮ್ಮೂರ ಕಡೆ ಹೊಳೇಲಿ ಇಡೀ ಆನೆ ದಂತ ಸಿಕ್ಕಿದೆ ಒಬ್ಬರಿಗೆ. ಬೆಳ್ಳಗಿದೆ. ಪಳೆಯುಳಿಕೆ ಅಂದ್ರೆ ಇಟ್ಕೋಬಹುದಲ್ವಾ?

ಮೇಡಂ: ಬಿಳಿ ದಂತ ಅಂದರೆ ಈಗಿನ ಆನೆ. ವನ್ಯಜೀವಿ ಕಾಯಿದೆ ಪ್ರಕಾರ 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಠಾಣೆಗೋ ತಿಳಿಸಬೇಕು. 'ಒಬ್ಬರಿಗೆ' ಹೇಳಿ.

ರಾತ್ರಿರಾಣಿ: ಮೇಡಂ ಇದು ಮಂಗನ ದವಡೆನಾ? ಕೆರೆ ಕೋಡಿ ಹತ್ರ ಸಿಕ್ತು. ಒಂದು ಹಲ್ಲಲ್ಲಿ ಬೆಳ್ಳಿ ಬಣ್ಣದ ಚುಕ್ಕೆ ಇದೆ.

ಮೇಡಂ: ಮಂಗನ ದವಡೆಗೆ ಮುಂದೆ ಚಾಚಿದ ಗದ್ದ ಇರುವುದಿಲ್ಲ. ಮಂಗನ ಹಲ್ಲಿಗೆ ಯಾರೂ ಬೆಳ್ಳಿ ತುಂಬಿಸುವುದೂ ಇಲ್ಲ. ಇದು ಮನುಷ್ಯರದು, ಇತ್ತೀಚಿನದು. ಮತ್ತೆ ಮುಟ್ಟಬೇಡಿ, ತೊಳೆಯಬೇಡಿ, ಈ ಫೋಟೋ ಇಲ್ಲಿಂದ ತೆಗೆದು ಈಗಲೇ 112ಕ್ಕೆ ಕರೆ ಮಾಡಿ. ಮಾಡಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ.

ರಾತ್ರಿರಾಣಿ: ಮನೇಲಿ ಬೇಡ ಅಂತಿದಾರೆ ಮೇಡಂ, ಸುಮ್ನೆ ಕೋರ್ಟು ಕಚೇರಿ ಅಂತ.

ಮೇಡಂ: ಅವರ ಮನೆಯವರು ಇಷ್ಟು ದಿನದಿಂದ ಹುಡುಕುತ್ತಿರಬಹುದು. ಕರೆ ಮಾಡಿ.

ಸತ್ಯಾನ್ವೇಷಿ: ನನ್ನ ಹಳ್ಳೂರು ಪ್ರಶ್ನೆಗೆ ಉತ್ತರ ಪೂರ್ತಿ ಬಂದಿಲ್ಲ.

ಮೇಡಂ: ಬರುವುದೂ ಇಲ್ಲ.

ಕೃಷ್ಣಾ ತೀರ: ಮೇಡಂ ರೇಟ್ ಕೇಳಿದ್ದೆ.

ಅಡ್ಮಿನ್: ಕೃಷ್ಣಾ ತೀರ ಅವರನ್ನು ಒಂದು ದಿನ ಮ್ಯೂಟ್ ಮಾಡಲಾಗಿದೆ.

ರಾತ್ರಿರಾಣಿ: ಕರೆ ಮಾಡಿದ್ವಿ. ಬರ್ತಿದಾರೆ.

ಮೇಡಂ: ಒಳ್ಳೆಯದು.

ಗೋಕಾಕ ಕರದಂಟು: ಅಕ್ಕಾರ, ದಂಡ್ಯಾಗ ಕೂತಿತ್ತ್ರಿ, ಹಾರಿ ಹಾಕಿ ತಗದೇನಿ. ಅದರ ಬಾಜೂಕ ಇನ್ನೊಂದ ತುದಿ ಕಾಣತೈತಿ. ಆದ್ರ ಮ್ಯಾಲ ಮಳಿ ಭಾಳ ಆಗೇತಿ, ರಾತ್ರಿ ಹಳ್ಳ ಬರತೈತಿ ಅನ್ನಾಕತ್ತಾರ. ದಂಡಿ ಕುಸಿಯೋ ಹಂಗ ಐತ್ರಿ.

ಮೇಡಂ: ಸಾಮಾನ್ಯವಾಗಿ ಮುಟ್ಟಬೇಡಿ ಎನ್ನುತ್ತಿದ್ದೆ. ಕುಸಿಯುವುದು ಖಚಿತವಾದರೆ ತೆಗೆಯಿರಿ, ಆದರೆ ನೀರು ಏರಲು ಶುರುವಾಗಿದ್ದರೆ ಇಳಿಯಲೇಬೇಡಿ. ಘೇಂಡಾ ಸತ್ತಾಗಿದೆ, ನೀವು ಬದುಕಿರಬೇಕು. ಮೊದಲು ದೂರದಿಂದ ಇಡೀ ದಂಡೆಯ ಫೋಟೋ, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರಲಿ. ಆಮೇಲೆ ಹತ್ತಿರದ್ದು. ದಂಡೆಯ ಮೇಲ್ತುದಿಯಿಂದ ಹಲ್ಲಿನವರೆಗೆ ಆಳ ಅಳೆಯಿರಿ. ಯಾವ ಮಣ್ಣು, ಎರೆಯೋ ಜಲ್ಲಿಯೋ ಬರೆದಿಡಿ. ಹಾರಿ ಬೇಡ, ಖುರ್ಪಿ ಸಾಕು. ಸುತ್ತ ಒಂದು ಗೇಣು ಮಣ್ಣು ಸಮೇತ ಹೆಂಟೆಯಾಗಿ ಎತ್ತಿ, ಒದ್ದೆ ಪೇಪರ್ ಸುತ್ತಿ, ಬಟ್ಟೆ ಕಟ್ಟಿ. ಮಣ್ಣು ಬಿಡಿಸಬೇಡಿ, ಆ ಕೆಲಸ ಬೇರೆಯವರು ಮಾಡುತ್ತಾರೆ. ಮೊಬೈಲಲ್ಲಿ ಲೊಕೇಶನ್ ನನಗೆ ಮಾತ್ರ ಕಳಿಸಿ, ಗುಂಪಿಗೆ ಹಾಕಬೇಡಿ.

ಅಡ್ಮಿನ್: ಇವತ್ತಿನ ಪ್ರಶ್ನೋತ್ತರ ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಗೋಕಾಕದವರು ಮಾತ್ರ ಬರೆಯಬಹುದು.

ತುಳುನಾಡ್ ಮಾರಾಯ: ನಂದು ಮೊಸಳೆದಾ ಅಂತ ಹೇಳ್ಲೇ ಇಲ್ಲ ಮಾರಾಯ್ರೆ.

ಗೋಕಾಕ ಕರದಂಟು: ಅಕ್ಕಾರ, ಎತ್ತೇವ್ರಿ. ನಮ್ಮ ತಮ್ಮ, ಮಾಮಾ ಇಬ್ರೂ ಇದ್ರು. ಅವ್ವನ ಹಳೀ ಸೀರಿಯಾಗ ಕಟ್ಟೇವಿ. ಟೇಪ ಇರಲಿಲ್ಲ. ಮ್ಯಾಲಿಂದ ಹಲ್ಲಿನ ತನಕ ನಾಕೂವರಿ ಮೊಳ ಐತ್ರಿ, ಎರಿ ಮುಗದ ಕೆಳಗ ಸುಣ್ಣದ ಹರಳ ಇರೋ ಕೆಂಪ ಮಣ್ಣಾಗ.

ಮೇಡಂ: ಯಾರ ಮೊಳ?

ಗೋಕಾಕ ಕರದಂಟು: ಮಾಮಾಂದು ಅಕ್ಕಾರ.

ಮೇಡಂ: ನಾಳೆ ಅಂಗಡಿ ತೆರೆದ ಕೂಡಲೇ ಟೇಪ್ ತಂದು ಮಾಮಾನ ಕೈ ಅಳೆದು ಹೇಳಿ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ, ಸೆಂಟಿಮೀಟರಿನಲ್ಲಿ.