ಹಂಟಿಂಗ್ಟನ್ ಕಾಯಿಲೆಗೆ ನ್ಯಾನೋ ಹನಿ ಅಂತೆ, ನಂಬಬಹುದಾ?

ಅರ್ಧಲೋಟ:
ಅಪ್ಪನಿಗೆ 52. ಮೂರು ವರ್ಷದ ಹಿಂದೆ ಹಂಟಿಂಗ್ಟನ್ ಅಂತ ಗೊತ್ತಾಯಿತು, ವಂಶದಲ್ಲಿ ಬರುವ ಮಿದುಳಿನ ಕಾಯಿಲೆ. ಜೀನ್‌ ಟೆಸ್ಟ್‌ನಲ್ಲಿ ಸಿಎಜಿ ಎಣಿಕೆ (ಆ ಜೀನ್‌ನಲ್ಲಿ ಸಿಎಜಿ ಎಂಬ ತುಣುಕು ಎಷ್ಟು ಸಲ ಮರುಕಳಿಸಿದೆ ಅನ್ನುವುದು) 44 ಬಂತು. ಕೈ ತಾನಾಗಿಯೇ ಕುಣಿಯುತ್ತದೆ, ಅದಕ್ಕೆ ಕಾಫಿ ಲೋಟ ಅರ್ಧ ಮಾತ್ರ ತುಂಬಿಸುತ್ತೇವೆ, ಆದರೂ ಅಂಗಿ ಮೇಲೆ ಚೆಲ್ಲುತ್ತದೆ. ಮೊನ್ನೆ ಯಾರೋ ಫೋನ್ ಮಾಡಿ ಮೂಗಿಗೆ ಬಿಡುವ ನ್ಯಾನೋ ಹನಿ ಇದೆ, ಆರು ತಿಂಗಳಿಗೆ ಮೂರೂವರೆ ಲಕ್ಷ ಎಂದರು. ನೆಟ್‌ನಲ್ಲಿ ಹುಡುಕಿದರೆ ಸಂಶೋಧನೆ ನಡೆಯುತ್ತಿರುವುದು ನಿಜ. ಅಮ್ಮ ಬಳೆ ಮಾರೋಕೆ ಹೊರಟಿದ್ದಾರೆ. ಏನು ಹೇಳಲಿ?

ಸುಂಡಿಲಿ_ಲ್ಯಾಬ್:
ಒಂದು ರೂಪಾಯಿನೂ ಕೊಡಬೇಡಿ. ಸಂಶೋಧನೆ ನಿಜ, ಹನಿ ವ್ಯಾಪಾರ. ಈ ಕಾಯಿಲೆಯಲ್ಲಿ ಮಿದುಳು ತನಗೆ ಬೇಕಾದಷ್ಟು ಕೊಲೆಸ್ಟ್ರಾಲ್ ಮಾಡಿಕೊಳ್ಳುವುದಿಲ್ಲ, ರಕ್ತದಲ್ಲಿರುವುದು ಒಳಗೆ ದಾಟುವುದಿಲ್ಲ. 2015ರಲ್ಲಿ ಇಟಲಿಯ ತಂಡವೊಂದು ಪಿಎಲ್‌ಜಿಎ ಎಂಬ ಪಾಲಿಮರ್‌ನ ನ್ಯಾನೋ, ಅಂದರೆ ಅತಿ ಸಣ್ಣ, ಕಣದೊಳಗೆ ಕೊಲೆಸ್ಟ್ರಾಲ್ ತುಂಬಿಸಿ, ಮಿದುಳಿನ ತಡೆಗೋಡೆ ದಾಟಲಿ ಅಂತ ಮೇಲೆ ಒಂದು ಪೆಪ್ಟೈಡ್ (ಪ್ರೊಟೀನ್‌ನಂಥ ಸಣ್ಣ ತುಣುಕು) ಅಂಟಿಸಿ ಕೊಟ್ಟಿತು. ನೆನಪಿನ ಶಕ್ತಿ ಉಳಿಯಿತು, ಆದರೆ ಯಾರದು? ಇಲಿಗಳದು. ಮೂಗಿನ ದಾರಿಯನ್ನೂ ಇಲಿಗಳಲ್ಲಿ ನೋಡಿದ್ದಾರೆ. ನಿಮ್ಮ ಅಪ್ಪನಿಗೆ ಕೊಡಲು ಅಷ್ಟು ಸಾಲದು.

ಬರೀಪ್ರಶ್ನೆ:
ಹಾಗಾದರೆ ಪಾಟಿಸಿರಾನ್ ಅನ್ನೋ ಔಷಧ? ಅದೂ ನ್ಯಾನೋ ಕಣದ್ದೇ, ಅದೂ ವಂಶದಲ್ಲಿ ಬರುವ ನರದ ಕಾಯಿಲೆಗೇ, 2018ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತಲ್ವಾ?

ಸುಂಡಿಲಿ_ಲ್ಯಾಬ್:
ಒಳ್ಳೆ ಪ್ರಶ್ನೆ. ಅಲ್ಲಿ ಹಾಳಾಗುವುದು ಕೈಕಾಲಿನ ನರ, ಆದರೆ ಹಾಳು ಮಾಡುವ ಪ್ರೊಟೀನ್ ತಯಾರಾಗುವುದು ಹೆಚ್ಚಾಗಿ ಲಿವರ್‌ನಲ್ಲಿ. ಕೊಬ್ಬಿನ ನ್ಯಾನೋ ಕಣ ರಕ್ತಕ್ಕೆ ಬಿದ್ದ ಕೂಡಲೇ ಅಪೋಇ ಎಂಬ ಪ್ರೊಟೀನ್ ಮೈಗೆ ಹತ್ತಿಸಿಕೊಳ್ಳುತ್ತದೆ, ಲಿವರ್ ಅದನ್ನು ತನ್ನದೇ ಸರಕು ಅಂತ ಎಳೆದುಕೊಳ್ಳುತ್ತದೆ. ಕಳಿಸಬೇಕಾದ ಊರಿಗೇ ಬಸ್ಸು ಹೋಯಿತು, ಅಷ್ಟೇ. ಹಂಟಿಂಗ್ಟನ್‌ನಲ್ಲಿ ಇಳಿಯಬೇಕಾದದ್ದು ಮಿದುಳಿನ ಆಳದಲ್ಲಿ. 2025ರಲ್ಲಿ ಸುದ್ದಿಯಾದ ಎಎಂಟಿ-130 ನೋಡಿ: ಅದು ವೈರಸ್ ಮೂಲಕ ಕೊಡುವ ಜೀನ್ ಚಿಕಿತ್ಸೆ, ತಲೆಬುರುಡೆಗೆ ರಂಧ್ರ ಕೊರೆದು ನೇರ ಒಳಗೆ ಬಿಡುತ್ತಾರೆ. ಮೂಗಿನ ಹನಿಯಲ್ಲಿ ಆಗುವಂತಿದ್ದರೆ ಯಾರು ಬುರುಡೆ ಕೊರೆಯುತ್ತಾರೆ ಹೇಳಿ.

ಅತ್ತೆಯ_ಸೊಸೆ:
ನಮ್ಮ ಮನೆಯಲ್ಲೂ ಇದೇ ಕಾಯಿಲೆ. ಆ ದುಡ್ಡು ಫಿಸಿಯೋಗೆ, ಊಟಕ್ಕೆ ಇಡಿ. ತೂಕ ಸುಮ್ನೆ ಇಳಿಯುತ್ತಾ ಹೋಗುತ್ತದೆ, ತುಪ್ಪ ಜಾಸ್ತಿ ಹಾಕಿ. ಕೈ ಕುಣಿತಕ್ಕೆ ಟೆಟ್ರಾಬೆನಜೀನ್ ಎಂಬ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. ಅದು ಮನಸ್ಸು ಕುಗ್ಗಿಸಬಹುದು, ಅಪ್ಪ ಮಂಕಾದರೆ ಬೇಗ ಹೇಳಿ. ಲೋಟಕ್ಕೆ ಮುಚ್ಚಳ ಇರುವುದು ತನ್ನಿ.

ಅರ್ಧಲೋಟ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಬಸ್ಸಿನ ಮಾತು ಅರ್ಥವಾಯಿತು ಅವರಿಗೆ. ಈಗ ತಂಗಿ ತಾನೂ ಟೆಸ್ಟ್ ಮಾಡಿಸಬೇಕಾ ಅಂತ ಕೇಳುತ್ತಿದ್ದಾಳೆ. ಅದನ್ನು ಬೇರೆ ಕೇಳುತ್ತೇನೆ, ಇವತ್ತು ಬೇಡ.