ಹೊಲದ ನಡುವಿನ ಕಾಲುದಾರಿಯಲ್ಲಿ ಟ್ರೆಕ್ಕಿಂಗ್ ಹುಡುಗರ ಹಾವಳಿ: ದಾರಿ ಮುಚ್ಚದೆ ಏನು ಮಾಡಬಹುದು?

ಬದು_ಬೇಲಿ:
ದೊಡ್ಡಬಳ್ಳಾಪುರ ತಾಲ್ಲೂಕು, ಬೆಟ್ಟದ ತಪ್ಪಲಲ್ಲಿ ಮೂರೂವರೆ ಎಕರೆ ಜಮೀನು. ಅರ್ಧದಷ್ಟು ರಾಗಿ, ನಡುವೆ ಅವರೆ ಅಕ್ಕಡಿ. ಒಂದೆಕರೆ ಹಿಪ್ಪುನೇರಳೆ, ಉಳಿದಿದ್ದರಲ್ಲಿ ಡ್ರಿಪ್, ಮಲ್ಚಿಂಗ್ (ನೆಲಕ್ಕೆ ಹೊದಿಸೋ ಪ್ಲಾಸ್ಟಿಕ್ ಶೀಟ್) ಹಾಕಿ ಟೊಮೆಟೊ. ಊರಿಂದ ಬೆಟ್ಟಕ್ಕೆ ಹೋಗುವ ಕಾಲುದಾರಿ ಜಮೀನಿನ ಮಧ್ಯದಲ್ಲೇ ಹಾಯುತ್ತೆ. ಊರಿನವರು ಅದರಲ್ಲೇ ಓಡಾಡ್ತಾರೆ, ಅದಕ್ಕೆ ತಕರಾರಿಲ್ಲ.

ಶನಿವಾರ ರಾತ್ರಿ ಕಳೆದು ಬೆಳಗಿನ ಜಾವ ಮೂರು ಗಂಟೆಯಿಂದ ಬೆಂಗಳೂರಿನ ಪಿಯುಸಿ, ಡಿಗ್ರಿ ಹುಡುಗ ಹುಡುಗಿಯರು ಮೂವತ್ತು ನಲವತ್ತು ಜನರ ಗುಂಪಿನಲ್ಲಿ ಬರ್ತಾರೆ. ಟೊಮೆಟೊ ಸಾಲಿನ ಮೇಲೇ ನಡೀತಾರೆ, ಮಲ್ಚಿಂಗ್ ಶೀಟ್ ಹರಿಯುತ್ತೆ, ಡ್ರಿಪ್ ಪೈಪು ಕಿತ್ತು ಬರುತ್ತೆ. ಬೇಲಿಯ ಗೇಟು ತೆಗೆದರೆ ಹಾಕೋದಿಲ್ಲ, ದನ ರಾಗಿಗೆ ನುಗ್ಗುತ್ವೆ. ಬಿಯರ್ ಬಾಟಲಿ ಬದುವಿನ ಕಲ್ಲಿಗೆ ಒಡೀತಾರೆ. ಸ್ಪೀಕರ್ ಗಲಾಟೆ ಬೇರೆ. ಒಂದು ಸಲ ಗೇಟ್‌ವಾಲ್ವ್ ತಿರುಗಿಸಿ ಹೋಗಿದ್ದರು. ಕೇಳಿದರೆ "ಮ್ಯಾಪಲ್ಲಿ ದಾರಿ ತೋರಿಸ್ತಿದೆ ಅಂಕಲ್" ಅಂತಾರೆ.

ದಾರಿ ಮುಚ್ಚೋ ಹಕ್ಕು ನನಗಿದೆಯಾ? ಬಹಳ ಜನ ಹದಿನೆಂಟು ತುಂಬದವರು, ಪೊಲೀಸರಿಗೆ ಹೇಳಿದರೆ ಏನಾಗುತ್ತೆ? ಎಂಥ ಬೇಲಿ, ಎಂಥ ಬೋರ್ಡು ಹಾಕಿದರೆ ಕೆಲಸಕ್ಕೆ ಬರುತ್ತೆ?

ನಕಾಶೆ_ನೋಡಿ:
ಮೊದಲು ಗ್ರಾಮ ನಕಾಶೆ ತೆಗೆಸಿ. ಕಂದಾಯ ಇಲಾಖೆಯ ಭೂದಾಖಲೆ ವೆಬ್‌ಸೈಟಿನಲ್ಲೇ ಸಿಗುತ್ತೆ. ಅದರಲ್ಲಿ ಕಾಲುದಾರಿ ಒಂಟಿ ಚುಕ್ಕೆ ಗೆರೆಯಾಗಿ, ಬಂಡಿದಾರಿ ಜೋಡಿ ಚುಕ್ಕೆ ಗೆರೆಯಾಗಿ ಇರುತ್ತೆ. ಆಮೇಲೆ ಪಹಣಿಯ 3ನೇ ಕಾಲಂ ನೋಡಿ: "ಬಿ" ಖರಾಬು ಎಂದು ಗುಂಟೆ ತೋರಿಸಿದ್ದರೆ ಅಷ್ಟು ಜಾಗ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯದು. ಬೇಲಿ ನಿಮ್ಮದಾದರೂ ಆ ನೆಲ ನಿಮ್ಮದಲ್ಲ. ಸರ್ಕಾರದ ದಿಶಾಂಕ್ ಆಪ್ ಹಾಕಿಕೊಂಡು ದಾರಿ ಮೇಲೆ ನಡೆದರೆ ನಿಂತಿರೋ ಜಾಗದ ಸರ್ವೆ ನಂಬರ್ ಗೊತ್ತಾಗುತ್ತೆ. ಆದರೆ ಕೆಲವು ಮೀಟರ್ ಆಚೀಚೆ ತೋರಿಸಬಹುದು, ಅದನ್ನೇ ನಂಬಿ ಕಲ್ಲು ನೆಡಬೇಡಿ. ಕಲ್ಲು ನೆಡೋದಾದರೆ ಮೋಜಿಣಿಯಲ್ಲಿ (ಸರ್ವೆ ಇಲಾಖೆಯ ಅರ್ಜಿ ವ್ಯವಸ್ಥೆ) ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸೋಕೆ, ಅರ್ಜಿ ಹಾಕಿ, ಸರ್ವೆಯರ್ ಬಂದು ಅಳೆದು ತೋರಿಸಲಿ.

ನಕಾಶೆಯಲ್ಲಿ ದಾರಿ ಇದ್ದರೆ ಮುಚ್ಚೋ ಮಾತೇ ಇಲ್ಲ. ಊರಿನವರೊಬ್ಬರು ಅರ್ಜಿ ಕೊಟ್ಟರೆ ತಹಶೀಲ್ದಾರ್ ಬಂದು ತೆರವು ಮಾಡಿಸ್ತಾರೆ. ನಕಾಶೆಯಲ್ಲಿ ಇಲ್ಲದಿದ್ದರೂ ಇಪ್ಪತ್ತು ವರ್ಷ ಎಡೆಬಿಡದೆ, ಹಕ್ಕಿನಿಂದ ನಡೆದುಕೊಂಡು ಬಂದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಹಕ್ಕು ಕೇಳಬಹುದು.

ಹಾಗಂತ ಬೇಜಾರು ಪಡಬೇಡಿ. ದಾರಿಯ ಹಕ್ಕು ನಡೆಯೋಕೆ ಮಾತ್ರ. ದಾರಿ ಬಿಟ್ಟು ಟೊಮೆಟೊ ಸಾಲಿಗೆ ಇಳಿಯೋಕೆ, ಕೂತು ಕುಡಿಯೋಕೆ, ವಾಲ್ವ್ ಮುಟ್ಟೋಕೆ ಯಾರಿಗೂ ಹಕ್ಕಿಲ್ಲ. ಎಲ್ಲಿಂದ ಎಲ್ಲಿವರೆಗೆ ದಾರಿ ಅನ್ನೋದು ಕತ್ತಲಲ್ಲೂ ಕಾಣುವ ಹಾಗೆ ಮಾಡಿದ್ದರೆ "ಗೊತ್ತಾಗಲಿಲ್ಲ" ಅನ್ನೋ ಮಾತಿಗೆ ಜಾಗ ಇರಲ್ಲ.

ಹನಿನೀರು:
ಬೇಲಿಗೆ ದುಡ್ಡು ಹಾಕೋ ಮೊದಲು ಹಾಳಾಗ್ತಿರೋದು ಎಲ್ಲೆಲ್ಲಿ ಅಂತ ಗುರುತು ಮಾಡಿ. ಇಂಥ ದಾರಿಗಳಲ್ಲಿ ಹಾನಿ ಉದ್ದಕ್ಕೂ ಆಗಲ್ಲ, ಮೂರ್ನಾಲ್ಕು ಕಡೆ ಮಾತ್ರ ಆಗುತ್ತೆ. ದಾರಿ ಕವಲೊಡೆಯೋ ಕಡೆ, ಮಳೆಗೆ ಕೆಸರಾಗೋ ಕಡೆ, ಪಂಪ್ ಮನೆ ಹತ್ತಿರ, ನೆರಳಿರೋ ಮರದ ಕೆಳಗೆ. ಹತ್ತುವಾಗ ಒಂದು ತರಹ, ಇಳಿಯುವಾಗ ಇನ್ನೊಂದು ತರಹ. ಹತ್ತುವಾಗ ಕತ್ತಲು. ಮೊಬೈಲ್ ಟಾರ್ಚು ಹತ್ತು ಹದಿನೈದು ಅಡಿ ಮೀರಿ ತೋರಿಸಲ್ಲ. ಮುಂದಿನವನು ಕವಲಲ್ಲಿ ನೇರ ನಡೆದರೆ ಹಿಂದಿನ ಮೂವತ್ತು ಜನವೂ ಅಲ್ಲೇ ನಡೀತಾರೆ. ಮಲ್ಚಿಂಗ್ ಹರಿಯೋದು, ಪೈಪು ಕೀಳೋದು ಆಗ. ಇಳಿಯುವಾಗ ಒಂಬತ್ತು ಹತ್ತು ಗಂಟೆ, ಬಿಸಿಲು, ಹಸಿವು ಇರುತ್ತೆ, ಅವಸರ ಇರಲ್ಲ. ಕಸ, ಬಾಟಲಿ, ಕಾಯಿ ಕೀಳೋದು, ಸ್ಪೀಕರ್ ಎಲ್ಲ ಆಗಲೇ. ಎರಡಕ್ಕೂ ಮದ್ದು ಬೇರೆ ಬೇರೆ.

ಕತ್ತಲಿಗೆ: ಟ್ರ್ಯಾಕ್ಟರ್ ಟ್ರೈಲರ್ ಹಿಂದೆ ಅಂಟಿಸೋ ಕೆಂಪು ಬಿಳಿ ರಿಫ್ಲೆಕ್ಟರ್ ಟೇಪು ತನ್ನಿ. ಮೊಣಕಾಲೆತ್ತರದ ಕಲ್ಲು ಗೂಟಗಳನ್ನು ದಾರಿಯ ಎರಡೂ ಬದಿ ಇಪ್ಪತ್ತು ಅಡಿಗೊಂದು ನೆಟ್ಟು, ಬರೋ ದಿಕ್ಕಿಗೆ ಒಂದು ಗೇಣು ಟೇಪು ಅಂಟಿಸಿ. ಟಾರ್ಚಿನ ಬೆಳಕಿಗೆ ಸಾಲಾಗಿ ಹೊಳೆಯುತ್ತೆ, ದಾರಿ ತಾನಾಗಿ ಕಾಣುತ್ತೆ. ಕವಲಿನಲ್ಲಿ ಮಾತ್ರ ಹತ್ತು ಅಡಿಗೊಂದು ಇರಲಿ. ಕಲ್ಲಿಗೆ ಧೂಳಿದ್ದರೆ ಟೇಪು ಒಂದೇ ಮಳೆಗೆ ಬಿಟ್ಟುಕೊಳ್ಳುತ್ತೆ. ಒರೆಸಿ, ಎನಾಮಲ್ ಪೇಂಟ್ ಒಂದು ಕೋಟ್ ಹೊಡೆದು, ಒಣಗಿದ ಮೇಲೆ ಅಂಟಿಸಿ.

ಕೆಸರಾಗೋ ಕಡೆ ಜನ ಪಕ್ಕದ ಬೆಳೆ ಮೇಲೆ ಕಾಲಿಡ್ತಾರೆ, ಊರಿನವರೂ ಇಡ್ತಾರೆ. ಅಲ್ಲಿ ಮೂರು ಅಡಿ ಅಗಲಕ್ಕೆ ಚಪ್ಪಡಿ ಅಥವಾ ಜಲ್ಲಿ ಹಾಕಿ, ಪಕ್ಕದಲ್ಲಿ ನೀರು ಹೋಗೋಕೆ ಕಾಲುವೆ ತೆಗೆಯಿರಿ. ಬೇಲಿಗಿಂತ ಇದೇ ಹೆಚ್ಚು ಬೆಳೆ ಉಳಿಸೋದು.

ಡ್ರಿಪ್: ಸಾಲಿನುದ್ದಕ್ಕೆ ಎಳೆದ 16 ಎಂಎಂ ಸಣ್ಣ ಪೈಪು (ಲ್ಯಾಟರಲ್) ತುಳಿದರೆ ಅಷ್ಟು ಬೇಗ ಒಡೆಯಲ್ಲ. ಕಾಲಿಗೆ ಸಿಕ್ಕಿ ಎಳೆದಾಗ ಅದು ದೊಡ್ಡ ಪೈಪಿಗೆ (ಸಬ್‌ಮೇನ್) ಸೇರೋ ಕಡೆಯ ರಬ್ಬರ್ ಉಂಗುರ (ಗ್ರೊಮೆಟ್) ಕಿತ್ತು ಬರುತ್ತೆ. ಅಲ್ಲಿಂದ ನೀರು ಸುರಿದು ಪ್ರೆಶರ್ ಬಿದ್ದು, ಸಾಲಿನ ಕೊನೆ ಗಿಡಗಳಿಗೆ ಹನಿ ಹೋಗಲ್ಲ. ಗಿಡ ಬಾಡಿದ ಮೇಲೇ ಗೊತ್ತಾಗೋದು. ಅದಕ್ಕೆ ದಾರಿ ದಾಟೋ ಸಬ್‌ಮೇನ್ ಒಂದೂವರೆ ಎರಡು ಅಡಿ ಆಳದಲ್ಲಿ ಹೂಳಿ. ಗ್ರೊಮೆಟ್ ಸಾಲು ದಾರಿಯಿಂದ ಆರು ಅಡಿ ಒಳಗಿರಲಿ. ದಾರಿಯಂಚಿನ ಮೊದಲ ಎರಡು ಸಾಲು ಮಲ್ಚಿಂಗ್ ಬಿಟ್ಟು ಜೋಳ ಅಥವಾ ತೊಗರಿ ಒತ್ತಾಗಿ ಹಾಕಿ. ಎತ್ತರದ ಗಿಡ ಒತ್ತಾಗಿ ನಿಂತಿದ್ದರೆ ಯಾರೂ ಒಳಗೆ ಕಾಲಿಡಲ್ಲ. ಗೇಟ್‌ವಾಲ್ವಿನ ಹಿಡಿ ಬಿಚ್ಚಿ ಪಂಪ್ ಮನೆಯಲ್ಲಿಡಿ, ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿ. ವಾಲ್ವ್ ಎಲ್ಲ ಮುಚ್ಚಿರುವಾಗ ಯಾರಾದರೂ ಮೋಟರ್ ಚಾಲೂ ಮಾಡಿದರೆ ಪೈಪಿನ ಜಾಯಿಂಟ್ ಬಿಡುತ್ತೆ, ಹುಡುಗರಿಗೆ ಕರೆಂಟ್ ಹೊಡೆಯೋ ಅಪಾಯವೂ ಇದೆ.

ಗೇಟು: ಯಾರೂ ಮುಚ್ಚಲ್ಲ ಅಂತಲೇ ಲೆಕ್ಕ ಹಾಕಿ ಮಾಡಿ. ಮೇಲಿನ ಕೀಲು ಕೆಳಗಿನದಕ್ಕಿಂತ ಒಂದು ಅಂಗುಲ ಚಿಲಕದ ಕಡೆಗೆ ಬರುವಂತೆ ಕೂರಿಸಿದರೆ ಗೇಟು ತನ್ನ ಭಾರಕ್ಕೇ ಮುಚ್ಚಿಕೊಳ್ಳುತ್ತೆ. ಬರೀ ಕಾಲುದಾರಿಯಾದರೆ, ಊರಿನವರು ಒಪ್ಪಿದರೆ, ಗೇಟೇ ಬೇಡ. ಎರಡು ಕಲ್ಲು ಕಂಬದ ನಡುವೆ ಹನ್ನೆರಡರಿಂದ ಹದಿನಾಲ್ಕು ಅಂಗುಲ ಸಂದು ಬಿಡಿ. ಮನುಷ್ಯರು ತೂರ್ತಾರೆ, ಹಸು ಎಮ್ಮೆ ತೂರಲ್ಲ. ಮೇಕೆ, ಕರು ತೂರುತ್ವೆ, ಅದು ಗೊತ್ತಿರಲಿ. ಬೈಕು ಹೋಗಲ್ಲ, ಅದಕ್ಕೇ ಮೊದಲು ಊರಿನವರನ್ನು ಕೇಳಬೇಕು. ನಕಾಶೆಯಲ್ಲಿ ಬಂಡಿದಾರಿ ಅಂತಿದ್ದರೆ ಹೀಗೆ ಕಿರಿದು ಮಾಡೋ ಹಾಗಿಲ್ಲ.

ಬೋರ್ಡಿನಲ್ಲಿ "ಅತಿಕ್ರಮ ಪ್ರವೇಶ ನಿಷಿದ್ಧ" ಅಂತ ಮಾತ್ರ ಬರೆದರೆ ಯಾರಿಗೂ ತಾಗಲ್ಲ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಾಣದ ಗುರುತಿನ ಜೊತೆ ಹೀಗೆ ಬರೆಯಿರಿ: "ಬೆಟ್ಟಕ್ಕೆ ದಾರಿ ಇದು. ಎರಡೂ ಕಡೆ ಬೆಳೆ ಇದೆ, ಇಳಿಯಬೇಡಿ. ಒಬ್ಬರ ಹಿಂದೆ ಒಬ್ಬರು ನಡೆಯಿರಿ." ಔಷಧಿ ಹೊಡೆದ ದಿನ ತಾರೀಕು ಹಾಕಿ ಚೀಟಿ ತೂಗುಹಾಕಿ. ಹೊಡೆಯದೆ ಹಾಕಬೇಡಿ, ಸುಳ್ಳು ಅಂತ ಒಂದು ಸಲ ಗೊತ್ತಾದರೆ ಆಮೇಲೆ ನಿಜವಾದದ್ದನ್ನೂ ನಂಬಲ್ಲ.

ಚಂದ್ರಿಕೆ:
ಹಿಪ್ಪುನೇರಳೆ ಬಗ್ಗೆ ಯಾರೂ ಹೇಳಲಿಲ್ಲ. ರೇಷ್ಮೆ ಹುಳುವಿಗೆ ನಿಕೋಟಿನ್ ವಿಷ. ಸೊಪ್ಪಿಗೆ ಅದು ತಾಗಿದರೆ ಹುಳು ಕಕ್ಕಿಕೊಂಡು ಸಾಯುತ್ವೆ. ಹುಳು ಮನೆ ಹತ್ತಿರ, ಸೊಪ್ಪಿನ ತೋಟದಲ್ಲಿ ಸಿಗರೇಟು ಸೇದೋದು, ಸೇದಿದ ಕೈಯಲ್ಲಿ ಸೊಪ್ಪು ಮುಟ್ಟೋದು ಎರಡೂ ಬೇಡ. ಬಾಡಿ ಸ್ಪ್ರೇ, ಸೊಳ್ಳೆ ಸ್ಪ್ರೇ ಕೂಡ ಅಲ್ಲಿ ಹೊಡೆಯಬಾರದು. ಹುಳು ಮನೆ ನೋಡ್ತೀವಿ ಅಂತ ಕುತೂಹಲಕ್ಕೆ ಬಂದರೂ ಒಳಗೆ ಬಿಡಬೇಡಿ, ಕಾಲಲ್ಲಿ ರೋಗ ಬರುತ್ತೆ. ಬೋರ್ಡಿನಲ್ಲಿ ಕಾರಣವನ್ನೂ ಬರೆಯಿರಿ. ಹುಳು ಸಾಯುತ್ತೆ ಅಂತ ತಿಳಿದರೆ ಆ ವಯಸ್ಸಿನ ಮಕ್ಕಳು ಬಹಳಷ್ಟು ಜನ ಕೇಳ್ತಾರೆ.

ಬೆಟ್ಟದ_ಮೇಷ್ಟ್ರು:
ತಪ್ಪು ಮಕ್ಕಳದು ಅನ್ನೋದಕ್ಕಿಂತ ಕರ್ಕೊಂಡು ಬರೋರದು. ನಲವತ್ತು ಜನಕ್ಕೆ ಒಬ್ಬ ಲೀಡರ್, ಅವನಿಗೂ ಇಪ್ಪತ್ತೊಂದು ವರ್ಷ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕು, ಒಬ್ಬರು ಮುಂದೆ, ಒಬ್ಬರು ಕಟ್ಟಕಡೆಗೆ. ಕಡೆಯವರ ಕೆಲಸವೇ ಗೇಟು ಹಾಕೋದು, ಕಸ ಎತ್ತೋದು. ಮಾತು ಹೇಳಬೇಕಾದ್ದು ಬಸ್ ಇಳಿಯೋ ಮೊದಲು. ಇಳಿದ ಮೇಲೆ ಯಾರೂ ಕೇಳಿಸಿಕೊಳ್ಳಲ್ಲ. ಶೌಚ ಬಸ್ ನಿಲ್ಲಿಸೋ ಕಡೆಯೇ ಮುಗಿಸಿಕೊಳ್ಳಬೇಕು, ಹೊಲದಲ್ಲಿ ಬೇಡವೇ ಬೇಡ. ಪ್ರತಿ ಹತ್ತು ಜನಕ್ಕೆ ಒಂದು ಗೋಣಿ ಚೀಲ ಕೊಟ್ಟು, ಯಾರು ಹೊರಬೇಕು ಅಂತ ಹೆಸರು ಹಿಡಿದು ಹೇಳಬೇಕು. ಹೆಸರು ಹೇಳದಿದ್ದರೆ ಯಾರೂ ಹೊರಲ್ಲ.

ಟ್ರೆಕ್ಕಿಂಗಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕಾದ ಬೆಟ್ಟವಾದರೆ ರಾತ್ರಿ ಹತ್ತೋಕೆ ಅನುಮತಿ ಇಲ್ಲ ಅನ್ನೋದನ್ನು ವಲಯ ಅರಣ್ಯ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ. ಹಾಗಿದ್ದರೆ ಬೆಳಗಿನ ಜಾವ ಮೂರಕ್ಕೆ ಬರೋ ಗುಂಪನ್ನು ಬುಡದಲ್ಲೇ ತಡೆಯೋದು ಅವರ ಕೆಲಸ. ಬಸ್ಸಿನ ನಂಬರು, ದಿನ, ಗಂಟೆ ಬರೆದು ಅವರಿಗೆ ಅರ್ಜಿ ಕೊಡಿ. ಅಂಥ ಮೂರ್ನಾಲ್ಕು ಅರ್ಜಿ ಒಂದೇ ಸಂಘಟಕರ ಮೇಲೆ ಬಿದ್ದರೆ ಅವರು ದಾರಿಗೆ ಬರ್ತಾರೆ.

ಬದು_ಬೇಲಿ:
ಎಲ್ಲರಿಗೂ ಧನ್ಯವಾದ. ಪಕ್ಕದ ಜಮೀನಿನವರು ಎರಡು ಮಾತು ಹೇಳ್ತಿದ್ದಾರೆ. ಒಂದು, ಹಂದಿಗೆ ಹಾಕೋ ಸೋಲಾರ್ ಬೇಲಿ ದಾರಿಗುಂಟ ಎಳಿ ಅಂತ. ಇನ್ನೊಂದು, ಇಬ್ಬರನ್ನು ಹಿಡಿದು ಮೊಬೈಲ್ ಕಿತ್ತಿಟ್ಟುಕೊಂಡು ವಿಡಿಯೊ ಮಾಡಿ ವಾಟ್ಸಾಪಲ್ಲಿ ಹಾಕಿದರೆ ಬುದ್ಧಿ ಬರುತ್ತೆ ಅಂತ. ಏನ್ ಹೇಳ್ತೀರಾ?

ಕಪ್ಪು_ಕೋಟು:
ಎರಡನೆಯದು ಖಂಡಿತ ಬೇಡ ಸರ್. ಕೂಡಿಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ ನಿಮ್ಮ ಮೇಲೆ ಬರುತ್ತೆ, ಮೊಬೈಲ್ ಕಿತ್ತುಕೊಂಡರೆ ಅದೂ ಅಪರಾಧ. ಅಪರಾಧದ ಆರೋಪ ಇರೋ ಹದಿನೆಂಟರ ಒಳಗಿನವರ ಗುರುತು ಬಯಲು ಮಾಡೋದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತೆ. ನ್ಯಾಯ ನಿಮ್ಮ ಕಡೆ ಇರುವಾಗ ಅದನ್ನು ಯಾಕೆ ಕಳೆದುಕೊಳ್ತೀರಿ?

ಹೀಗೆ ಮಾಡಿ. ಹಾಳಾದ ಸಾಲು, ಕಿತ್ತ ಗ್ರೊಮೆಟ್, ಒಡೆದ ಬಾಟಲಿಯ ಫೋಟೊ ತೆಗೆಯಿರಿ, ಮುಖ ಬೇಡ. ಲೀಡರ್ ಯಾರು ಅಂತ ಕೇಳಿ ಹೆಸರು, ಕಾಲೇಜು ಬರೆದುಕೊಳ್ಳಿ. ಜಗಳ ಆಗೋ ಹಾಗಿದ್ದರೆ 112ಕ್ಕೆ ಕರೆ ಮಾಡಿ. ಅದೇ ದಿನ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಇಬ್ಬರು ಸಾಕ್ಷಿ ಇಟ್ಟುಕೊಂಡು ನಷ್ಟದ ಮಹಜರು (ಸ್ಥಳದಲ್ಲೇ ನೋಡಿ ಬರೆಯೋ ವರದಿ) ಮಾಡಿಸಿ. ಪೈಪು, ಶೀಟು, ಕೂಲಿಯ ಬಿಲ್ಲು ಜೊತೆಗಿಡಿ. ಬೇಕೆಂದೇ ಮಾಡಿದ ನಷ್ಟ 20,000 ರೂಪಾಯಿಯಿಂದ ಒಂದು ಲಕ್ಷದೊಳಗೆ ಇದ್ದರೆ ನ್ಯಾಯ ಸಂಹಿತೆಯ 324(4)ರಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಅತಿಕ್ರಮಕ್ಕೆ 329(3), ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅಪರಾಧ ಮಾಡೋ ಅಥವಾ ಕಿರಿಕಿರಿ ಕೊಡೋ ಉದ್ದೇಶ ಇತ್ತು ಅಂತ ತೋರಿಸಬೇಕು, ದಾರಿ ತಪ್ಪಿ ಬಂದವರ ಮೇಲೆ ನಿಲ್ಲಲ್ಲ. ಇಷ್ಟು ಸಣ್ಣ ವಿಷಯಕ್ಕೆ ಮಕ್ಕಳ ಮೇಲೆ ಸಾಮಾನ್ಯವಾಗಿ ಎಫ್‌ಐಆರ್ ಹಾಕಲ್ಲ, ಡೈರಿಯಲ್ಲಿ ಬರೆದುಕೊಂಡು ಅಪ್ಪ ಅಮ್ಮನನ್ನು ಕರೆಸ್ತಾರೆ. ನಿಮಗೆ ಬೇಕಾಗಿರೋದೂ ಅಷ್ಟೇ ತಾನೆ. ಮಹಜರಿನ ನಕಲು ಇಟ್ಟು ಕಾಲೇಜಿನ ಪ್ರಾಂಶುಪಾಲರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ನಷ್ಟ ಕಟ್ಟಿಕೊಡೋ ಮಾತು ಅಲ್ಲಿಂದಲೇ ಬರೋದು ಹೆಚ್ಚು.

ಹನಿನೀರು:
ಸೋಲಾರ್ ಬೇಲಿ ಬಗ್ಗೆ: ತಂತಿಗೆ ಕರೆಂಟ್ ಬಿಡೋ ಯಂತ್ರ (ಎನರ್ಜೈಸರ್) ಸೆಕೆಂಡಿಗೊಂದು ಸಲ ಕ್ಷಣಮಾತ್ರದ ಹೊಡೆತ ಕೊಡುತ್ತೆ, ಸರಿಯಾದ ಯಂತ್ರವಾದರೆ ಪ್ರಾಣ ಹೋಗಲ್ಲ. ಆದರೆ ಕತ್ತಲಲ್ಲಿ ಬೆಚ್ಚಿ ಬಿದ್ದವನ ತಲೆ ಕಲ್ಲಿಗೆ ತಾಗಬಹುದು, ಬೆನ್ನ ಮೇಲೆ ಬ್ಯಾಗು ಇದ್ದವನು ತಂತಿಗೆ ಸಿಕ್ಕಿಕೊಂಡರೆ ಹೊಡೆತ ಮತ್ತೆ ಮತ್ತೆ ಬೀಳುತ್ತೆ. ಜನ ಓಡಾಡೋ ದಾರಿಯಂಚಿಗೆ ಬೇಡ. ಹಂದಿಗೆ ಬೇಕೇಬೇಕಿದ್ದರೆ ದಾರಿಯಿಂದ ಆರೇಳು ಅಡಿ ಒಳಗೆ ಹಾಕಿ, ಹಳದಿ ಎಚ್ಚರಿಕೆ ಫಲಕ ತೂಗುಹಾಕಿ. ಮನೆ ಕರೆಂಟನ್ನೋ ಮೋಟರ್ ಲೈನನ್ನೋ ತಂತಿಗೆ ಕೊಡೋ ಯೋಚನೆ ಯಾರಾದರೂ ಹೇಳಿದರೆ ಕೇಳಲೇಬೇಡಿ. ಅದರಲ್ಲಿ ಜನ ಸತ್ತಿದ್ದಾರೆ, ರೈತರೇ ಜೈಲಿಗೆ ಹೋಗಿದ್ದಾರೆ.

ನಕಾಶೆ_ನೋಡಿ:
"ಮ್ಯಾಪಲ್ಲಿ ತೋರಿಸ್ತಿದೆ" ಅನ್ನೋದಕ್ಕೂ ಪರಿಹಾರ ಇದೆ. ಯಾರೋ ಅಡ್ಡದಾರಿಯಲ್ಲಿ ನಡೆದು ಜಿಪಿಎಕ್ಸ್ ಫೈಲ್ (ನಡೆದ ದಾರಿಯ ಗೆರೆ ಇರೋ ಫೈಲ್) ಹಾಕಿರ್ತಾರೆ, ಬಾಕಿಯವರು ಅದನ್ನೇ ಹಿಡಿದು ಬರ್ತಾರೆ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಉಚಿತ ಖಾತೆ ತೆರೆದು ನಿಮ್ಮ ಟೊಮೆಟೊ ಸಾಲಿನ ಮೇಲಿರೋ ಗೆರೆಗೆ "ಆಕ್ಸೆಸ್: ಪ್ರೈವೇಟ್" ಅಂತ ಗುರುತು ಹಾಕಿ. ಗೆರೆ ಪೂರಾ ಅಳಿಸಬೇಡಿ, ಅಳಿಸಿದರೆ ಇನ್ನೊಬ್ಬರು ಬಂದು ಮತ್ತೆ ಎಳೀತಾರೆ. ನಿಜವಾದ ಕಾಲುದಾರಿ ಅದರಲ್ಲಿ ಇಲ್ಲದಿದ್ದರೆ ಅದನ್ನೂ ಸೇರಿಸಿ, ಗೇಟು ಎಲ್ಲಿದೆ ಅಂತ ಗುರುತು ಹಾಕಿ. ಗೂಗಲ್ ಮ್ಯಾಪ್ಸಿನಲ್ಲಿ ತಪ್ಪು ದಾರಿ ಇದ್ದರೆ ಆಪಿನಿಂದಲೇ ರಿಪೋರ್ಟ್ ಮಾಡಬಹುದು. ಸಂಘಟಕರು ಬಳಸೋ ಫೈಲ್ ಯಾವುದು ಅಂತ ಮುಂದಿನ ಗುಂಪಿನ ಲೀಡರನ್ನೇ ಕೇಳಿ. ಅದನ್ನು ಹಾಕಿದವರಿಗೆ ಸರಿಯಾದ ಗೆರೆ ಕಳಿಸಿ ಬದಲಾಯಿಸಲು ಹೇಳಿ.