ಬುದ್ಧಿ ಹುಟ್ಟಿನಿಂದಲೋ ಬೆಳೆಸಿದ್ದರಿಂದಲೋ: ಮನಶ್ಶಾಸ್ತ್ರಜ್ಞರಿಗೆ ಪ್ರಶ್ನೆಗಳು

ಪ್ರಶ್ನೆ: ಬುದ್ಧಿಮತ್ತೆ ಶೇ 50ರಷ್ಟು ಆನುವಂಶಿಕ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅಂದರೆ ಐಕ್ಯೂ 110 ಇರುವ ಮಗುವಿಗೆ 55 ಅಂಕ ಹೆತ್ತವರಿಂದ, ಉಳಿದ 55 ಮನೆ ಮತ್ತು ಶಾಲೆಯಿಂದ ಬಂತು ಅಂತಲೇ?

ಉತ್ತರ: ಅಲ್ಲ. ಆ ಸಂಖ್ಯೆ ಒಂದು ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅಂಕಗಳು ಬೇರೆಯಾಗುತ್ತವಲ್ಲ, ಆ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೆಷ್ಟು ಎಂಬುದರ ಅಂದಾಜು ಅದು. ಲೆಕ್ಕ ಮಾಡುವ ಬಗೆ ನೋಡಿ. 1981ರಲ್ಲಿ ಬೂಶಾರ್ಡ್ ಮತ್ತು ಮೆಕ್‌ಗ್ಯೂ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಒಂದೇ ಮನೆಯಲ್ಲಿ ಬೆಳೆದ ತದ್ರೂಪಿ ಅವಳಿಗಳ ಐಕ್ಯೂ ಸಹಸಂಬಂಧ (ಇಬ್ಬರ ಅಂಕಗಳು ಎಷ್ಟು ಹೊಂದುತ್ತವೆ ಎಂಬ ಅಳತೆ; 1 ಅಂದರೆ ಪೂರ್ತಿ ಹೊಂದಿಕೆ) 0.86, ತದ್ರೂಪಿಗಳಲ್ಲದ ಅವಳಿಗಳದು 0.60. ಅಂತರ 0.26. ತದ್ರೂಪಿಗಳ ವಂಶವಾಹಿಗಳು ಪೂರ್ತಿ ಒಂದೇ. ಉಳಿದ ಅವಳಿಗಳಲ್ಲಿ, ಜನರ ನಡುವೆ ಬದಲಾಗುವ ವಂಶವಾಹಿಗಳ ಪೈಕಿ ಸರಾಸರಿ ಅರ್ಧ ಮಾತ್ರ ಸಮಾನ. ಹಾಗಾಗಿ 0.26 ಎಂಬುದು ಆ ಇನ್ನರ್ಧದ ಕೆಲಸ. ಎರಡರಿಂದ ಗುಣಿಸಿದರೆ 0.52. ನೀವು ಓದಿದ ‘ಶೇ 50’ ಇದೇ.

ಲೆಕ್ಕ ತಪ್ಪುವ ಜಾಗವೂ ಇಲ್ಲೇ ಇದೆ. ಎರಡೂ ಬಗೆಯ ಅವಳಿಗಳ ಬೆಳವಣಿಗೆಯ ಪರಿಸರ ಒಂದೇ ಮಟ್ಟದಲ್ಲಿ ಸಮಾನ ಎಂದು ಇದು ನಂಬಿಕೊಂಡಿದೆ. ತದ್ರೂಪಿಗಳನ್ನು ಹೆಚ್ಚು ಒಂದೇ ರೀತಿ ಬೆಳೆಸಿದ್ದರೆ ಉತ್ತರ ಉಬ್ಬುತ್ತದೆ. ಇನ್ನೊಂದು ಮಾತು: ಎಲ್ಲ ಮಕ್ಕಳಿಗೂ ಅಚ್ಚು ಹಾಕಿದಂತೆ ಒಂದೇ ಊಟ, ಒಂದೇ ಪಾಠ, ಒಂದೇ ಅಕ್ಕರೆ ಸಿಕ್ಕರೆ ಪರಿಸರದ ವ್ಯತ್ಯಾಸವೇ ಇಲ್ಲವಾಗಿ ಈ ಸಂಖ್ಯೆ ಶೇ 100ರತ್ತ ಏರುತ್ತದೆ. ಆಗಲೂ ಊಟ, ಪಾಠಗಳ ಬೆಲೆ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ.

ಪ್ರಶ್ನೆ: ವಯಸ್ಸಾದಂತೆ ಪರಿಸರದ ಪ್ರಭಾವ ಹೆಚ್ಚಬೇಕಲ್ಲವೇ?

ಉತ್ತರ: ಆಗುವುದು ಅದಕ್ಕೆ ವಿರುದ್ಧ. ನಾಲ್ಕು ದೇಶಗಳ 11,000 ಜೋಡಿ ಅವಳಿಗಳ ಮೇಲಿನ 2010ರ ಅಧ್ಯಯನದಲ್ಲಿ ಆನುವಂಶಿಕ ಪಾಲು 9ನೇ ವಯಸ್ಸಿಗೆ ಶೇ 41, 12ಕ್ಕೆ ಶೇ 55, 17ಕ್ಕೆ ಶೇ 66. ಇದಕ್ಕೆ ಹೆಚ್ಚಾಗಿ ಕೊಡುವ ವಿವರಣೆ ಇದು: ಚಿಕ್ಕವರಿದ್ದಾಗ ಪುಸ್ತಕ, ಗೆಳೆಯರು, ಆಟ ಎಲ್ಲವನ್ನೂ ದೊಡ್ಡವರು ಆರಿಸುತ್ತಾರೆ, ಬೆಳೆದಂತೆ ಮಗು ತನ್ನ ಒಲವಿಗೆ ಹೊಂದುವುದನ್ನು ತಾನೇ ಹುಡುಕಿಕೊಳ್ಳುತ್ತದೆ.

ಪ್ರಶ್ನೆ: ಆನುವಂಶಿಕ ಅಂದಮೇಲೆ ನಾವು ಮಾಡುವುದಕ್ಕೇನಿದೆ?

ಉತ್ತರ: ಬಹಳ ಇದೆ. ಪಿಕೆಯು ಎಂಬ ಕಾಯಿಲೆ ಪೂರ್ತಿ ವಂಶವಾಹಿಯದು. ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ದೇಹ ಅರಗಿಸಲಾರದೆ ಅದು ರಕ್ತದಲ್ಲಿ ಸೇರಿ ಮಿದುಳನ್ನು ಕೆಡಿಸುತ್ತದೆ. ಹುಟ್ಟಿದ 24ರಿಂದ 72 ಗಂಟೆಯೊಳಗೆ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಪತ್ತೆ ಮಾಡಿ, ಮೊದಲ ವಾರಗಳಲ್ಲೇ ವಿಶೇಷ ಆಹಾರಕ್ರಮ ಶುರು ಮಾಡಿದರೆ ಮಗುವಿನ ಬುದ್ಧಿ ಸಾಮಾನ್ಯವಾಗಿ ಬೆಳೆಯುತ್ತದೆ. 24 ಗಂಟೆಗೆ ಮೊದಲೇ ರಕ್ತ ತೆಗೆದಿದ್ದರೆ ಮತ್ತೊಮ್ಮೆ ಮಾಡಿಸಿ: ಹಾಲು ಹೊಟ್ಟೆಗೆ ಹೋಗಿ ರಕ್ತದಲ್ಲಿ ಆ ಆಮ್ಲದ ಮಟ್ಟ ಏರುವ ಮೊದಲು ಫಲಿತಾಂಶ ‘ಸರಿಯಿದೆ’ ಎಂದು ಬಂದುಬಿಡಬಹುದು.

ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಸೀಸದ ವಿಷಯದಲ್ಲಿ ಜನ ‘ಸ್ವಲ್ಪವಿದ್ದರೆ ಪರವಾಗಿಲ್ಲ’ ಎನ್ನುತ್ತಾರೆ. ಅದು ಅಪಾಯದ ಮಾತು. ಮಗುವಿನ ರಕ್ತದಲ್ಲಿ ಸೀಸ ಪ್ರತಿ ಡೆಸಿಲೀಟರಿಗೆ 2.4ರಿಂದ 10 ಮೈಕ್ರೋಗ್ರಾಂಗೆ ಏರುವಾಗ ಸುಮಾರು 3.9 ಐಕ್ಯೂ ಅಂಕ ಇಳಿದರೆ, 10ರಿಂದ 20ಕ್ಕೆ ಏರುವಾಗ ಇಳಿಯುವುದು 1.9. ಹೆಚ್ಚು ಹೊಡೆತ ಬೀಳುವುದು ಆರಂಭದಲ್ಲೇ. ಗೋಡೆಯ ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಅದನ್ನು ಒಣಗಿದಂತೆಯೇ ಉಜ್ಜಬೇಡಿ. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಇನ್ನು ಶಾಲೆ: 2018ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ಹೆಚ್ಚುವರಿ ಒಂದೊಂದು ವರ್ಷದ ಓದಿಗೆ 1ರಿಂದ 5 ಅಂಕ ಏರುತ್ತದೆ.

ಪ್ರಶ್ನೆ: ಯಶಸ್ಸಿಗೆ ಶೇ 80ರಷ್ಟು ಕಾರಣ ಭಾವನಾತ್ಮಕ ಬುದ್ಧಿಮತ್ತೆ ಅಂತಾರಲ್ಲ?

ಉತ್ತರ: ಅದು ತಪ್ಪು ಓದು. 1995ರಲ್ಲಿ ಈ ವಿಷಯದ ಪುಸ್ತಕದಲ್ಲಿ ಲೇಖಕ ಡೇನಿಯಲ್ ಗೋಲ್ಮನ್ ಬರೆದದ್ದು ಐಕ್ಯೂ ಪಾಲು ಹೆಚ್ಚೆಂದರೆ ಶೇ 20, ಉಳಿದದ್ದು ‘ಬೇರೆ ಶಕ್ತಿಗಳದು’ ಎಂದು. ಆ ಬೇರೆಯದರಲ್ಲಿ ಮನೆತನದ ಸ್ಥಿತಿ, ಅದೃಷ್ಟ ಎಲ್ಲವೂ ಸೇರಿವೆ. 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆಯ ಪರಿಕಲ್ಪನೆಯನ್ನು ರೂಪಿಸಿದ ಮನಶ್ಶಾಸ್ತ್ರಜ್ಞರಾದ ಸಾಲೊವೆ ಮತ್ತು ಮೇಯರ್ ಅದನ್ನು ಮುಂದೆ ನಾಲ್ಕು ಸಾಮರ್ಥ್ಯಗಳಾಗಿ ವಿಂಗಡಿಸಿದರು: ಭಾವನೆ ಗುರುತಿಸುವುದು, ಯೋಚನೆಗೆ ಬಳಸುವುದು, ಅರ್ಥಮಾಡಿಕೊಳ್ಳುವುದು, ನಿಭಾಯಿಸುವುದು. ‘ನನಗೆ ಬೇರೆಯವರ ಮನಸ್ಸು ತಿಳಿಯುತ್ತದೆ’ ಎಂದು ತಾವೇ ಅಂಕ ಹಾಕಿಕೊಳ್ಳುವ ಪ್ರಶ್ನಾವಳಿ ಅಳೆಯುವುದು ಬಹುಪಾಲು ಸ್ವಭಾವವನ್ನು. ಅದನ್ನು ನಂಬಿ ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ.

ಪ್ರಶ್ನೆ: ಮನೆಯಲ್ಲಿ ಕಲಿಸಲು ಒಂದು ದಾರಿ ಹೇಳಿ.

ಉತ್ತರ: ಹೆಸರಿಡುವುದರಿಂದ ಶುರು ಮಾಡಿ. ಮಗು ಬರೆದ ಚಿತ್ರವನ್ನು ಹರಿದೆಸೆದು ‘ನಂಗೆ ಬರಲ್ಲ’ ಎಂದು ಅಳುತ್ತಿದೆ ಅನ್ನಿ. ‘ಯಾಕೆ ಹರಿದೆ’ ಎಂದು ಆಗಲೇ ಕೇಳಬೇಡಿ. ಆ ಹೊತ್ತಿನಲ್ಲಿ ಅದರ ಬಳಿ ಕಾರಣವಿಲ್ಲ. ಪಕ್ಕದಲ್ಲಿ ಕೂತು, ‘ಅಂದುಕೊಂಡ ಹಾಗೆ ಬರಲಿಲ್ಲ ಅಂತ ಬೇಜಾರಾಯ್ತಾ?’ ಎಂದು ಊಹೆಯಾಗಿಯೇ ಕೇಳಿ; ಅದು ‘ಅಲ್ಲ, ಅಣ್ಣ ನಕ್ಕ’ ಎಂದು ತಿದ್ದಲು ಜಾಗವಿರಲಿ. ಆಗ ಗೊತ್ತಾಗುತ್ತದೆ, ಅದು ಸಿಟ್ಟಲ್ಲ, ಅವಮಾನ. ಅಳು ನಿಂತು ಉಸಿರು ಸಮವಾದ ಮೇಲೆ ಮುಂದೇನು ಮಾಡೋಣ ಎಂದು ಮಾತಾಡಿ. ‘ಅಳಬೇಡ, ಸುಮ್ಮನಿರು’ ಎಂದರೆ ಮುಖ ಮಾತ್ರ ಸುಮ್ಮನಾಗುತ್ತದೆ; ಭಾವನೆಯನ್ನು ಅದುಮಿಟ್ಟಾಗ ಮೈಯೊಳಗಿನ ಉದ್ವೇಗ ಇಳಿಯುವುದಿಲ್ಲ, ಆ ಹೊತ್ತಿನಲ್ಲಿ ಕೇಳಿದ್ದು ನೆನಪಲ್ಲಿ ಉಳಿಯುವುದೂ ಕಡಿಮೆ.